ವೇಲ್ಸ್ ಪೂರ್ವಜರನ್ನು ಹುಡುಕಿಸಲು ಹಣ ಕೊಡುವ ಮೊದಲು ಇದನ್ನು ಓದಿ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ನಾಚಿಕೆಯಿಂದ ಸುಮ್ಮನಿದ್ದೆ. ಆದರೆ ನನ್ನಂತೆಯೇ ವೇಲ್ಸ್‌ನ ಮನೆತನಕ್ಕೆ ಸೊಸೆಯಾಗಿ ಬಂದಿರುವ ಕಾರ್ಡಿಫ್‌ನ ಕನ್ನಡದ ಗೆಳತಿಯೊಬ್ಬರು ನನಗೆ ಸುಳ್ಳು ವಂಶವೃಕ್ಷ ಮಾರಿದ ಸಂಶೋಧಕರಿಗೇ ಮುಂಗಡ ಕಳಿಸಲು ಸಿದ್ಧರಾಗಿದ್ದಾರೆಂದು ಕಳೆದ ವಾರ ತಿಳಿಯಿತು. ಇನ್ನು ಸುಮ್ಮನಿರುವುದು ತಪ್ಪು.

ನನ್ನ ಅತ್ತೆಯವರ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಅವರ ತವರಿನ ವಂಶವೃಕ್ಷವನ್ನು ಕಾಣಿಕೆಯಾಗಿ ಕೊಡಬೇಕೆಂಬುದು ನನ್ನದೇ ಆಸೆಯಾಗಿತ್ತು. ಅವರು ವೇಲ್ಸ್‌ನ ಕಾರ್ಡಿಗನ್‌ಶೈರ್ ಕೌಂಟಿಯ (ಜಿಲ್ಲೆಯ) ಬೆಟ್ಟದ ಸೀಮೆಯ ರೈತರ ಮಗಳು, ತವರಿನ ಹೆಸರು ಜೋನ್ಸ್. ಮುತ್ತಜ್ಜನ ಹೆಸರಿನವರೆಗೆ ಅವರಿಗೆ ಗೊತ್ತಿತ್ತು, ಅದಕ್ಕೂ ಹಿಂದಿನದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷಗಳ ಅನುಭವವಿದೆಯೆಂದು ಹೇಳಿಕೊಂಡ ಸಂಶೋಧಕರೊಬ್ಬರು ಪ್ಯಾರಿಷ್ ರಿಜಿಸ್ಟರ್‌ಗಳ, ಅಂದರೆ ಒಂದು ಚರ್ಚಿನ ವ್ಯಾಪ್ತಿಯ ಊರುಗಳ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆ ಪುಸ್ತಕಗಳ, ಆಧಾರದ ಮೇಲೆ 1600ರ ಆಸುಪಾಸಿನವರೆಗೆ ಕೊಂಡೊಯ್ಯುತ್ತೇನೆಂದು ಭರವಸೆ ಕೊಟ್ಟರು. 480 ಪೌಂಡ್, ಅರ್ಧ ಮುಂಗಡ, ಉಳಿದರ್ಧ ಪುಸ್ತಕ ಕಳಿಸುವ ಮೊದಲು. ಆರು ವಾರಗಳಲ್ಲಿ ಚಿನ್ನದ ಬಣ್ಣದ ಅಕ್ಷರಗಳ ದಪ್ಪ ಪುಸ್ತಕ ಬಂತು. ಒಳಗೆ ಹನ್ನೊಂದು ತಲೆಮಾರು, 1612ರ ದೀಕ್ಷಾಸ್ನಾನದವರೆಗೆ, ಮೊದಲ ಪುಟದಲ್ಲಿ ‘ಜೋನ್ಸ್ ಮನೆತನದ ಲಾಂಛನ’. ನಾನು ಒಂದೊಂದು ಪುಟವನ್ನೂ ಸಂತೋಷದಿಂದ ಓದಿದೆ, ಯಾವುದನ್ನೂ ಪರಿಶೀಲಿಸಲಿಲ್ಲ.

ಹುಟ್ಟುಹಬ್ಬದ ಊಟದ ಮೇಜಿನ ಮೇಲೆ ಪುಸ್ತಕ ಕೈಯಿಂದ ಕೈಗೆ ಹೋಯಿತು. ಅತ್ತೆಯವರ ಕಣ್ಣು ತುಂಬಿ ಬಂದಿತ್ತು. ಅವರ ಅಣ್ಣ, ಬದುಕಿಡೀ ಚಾಪೆಲ್ಲಿನ (ಅಧಿಕೃತ ಚರ್ಚಿನಿಂದ ಬೇರೆಯಾದ ಪಂಗಡದ ಪ್ರಾರ್ಥನಾ ಮಂದಿರದ) ಹಿರಿಯರಾಗಿದ್ದವರು, ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದರು. ಬಹಳ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, ಗದರದೆ, ಮೆಲ್ಲಗೆ ಕೇಳಿದರು: “ಜೋನ್ಸ್ ಎಂದರೆ ಜಾನನ ಮಗ ಎಂದು ಅರ್ಥ, ಮಗಳೇ. ಇಲ್ಲಿ ವಿಲಿಯಂನ ಮಗನೂ ಜೋನ್ಸ್, ಥಾಮಸನ ಮಗನೂ ಜೋನ್ಸ್, ಅವರ ಹೆಂಡತಿಯರೂ ಜೋನ್ಸ್. 1640ರಲ್ಲಿ ನಮ್ಮ ಬೆಟ್ಟದ ರೈತರಿಗೆ ಇಂಥ ಹೆಸರು ಎಲ್ಲಿಂದ ಬಂತು?” ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಅತ್ತೆಯವರು ಪುಸ್ತಕವನ್ನು ಮುಚ್ಚಿ, ನನಗೆ ನೋವಾಗಬಾರದೆಂದು ಕೇಕ್ ಕತ್ತರಿಸೋಣ ಎಂದರು. ಆ ಕ್ಷಣವನ್ನು ನಾನು ಇನ್ನೂ ಮರೆತಿಲ್ಲ.

ಹೆಚ್ಚು ಸಂಕಟವಾದದ್ದು ಇದು ನನಗೆ ಹೊಳೆಯಬೇಕಾಗಿತ್ತು ಎಂಬ ಕಾರಣಕ್ಕೆ. ನನ್ನ ಹೆಸರಿನ ಇನಿಷಿಯಲ್ ನನ್ನ ತಂದೆಯ ಹೆಸರಿನದು, ತಂದೆಯ ಇನಿಷಿಯಲ್ ಅಜ್ಜನ ಹೆಸರಿನದು. ಪಾಸ್‌ಪೋರ್ಟಿನ ಸರ್‌ನೇಮ್ ಕಲಮಿಗೆ ಏನು ಬರೆಯುವುದೆಂದು ತಲೆ ಕೆಡಿಸಿಕೊಂಡವಳು ನಾನು. ವೇಲ್ಸ್‌ನಲ್ಲಿಯೂ ಅದೇ ಪದ್ಧತಿಯಿತ್ತು. ಜಾನನ ಮಗ ಡೇವಿಡ್ ‘ಡೇವಿಡ್ ಆಪ್ ಜಾನ್’ ಆಗುತ್ತಿದ್ದ, ಅವನ ಮಗ ಇವಾನ್ ‘ಇವಾನ್ ಆಪ್ ಡೇವಿಡ್’ ಆಗುತ್ತಿದ್ದ. ಮಗಳಾದರೆ ‘ವೆರ್ಖ್’ ಎಂದು ಸೇರುತ್ತಿತ್ತು, ಮದುವೆಯಾದ ಮೇಲೂ ಅವಳು ತಂದೆಯ ಹೆಸರನ್ನೇ ಉಳಿಸಿಕೊಳ್ಳುತ್ತಿದ್ದಳು. ಆಪ್ ರೀಸ್ ಎಂಬುದು ಪ್ರೈಸ್ ಆಯಿತು, ಆಪ್ ಹವೆಲ್ ಎಂಬುದು ಪವೆಲ್ ಆಯಿತು, ಆಬ್ ಇವಾನ್ ಎಂಬುದು ಬೆವನ್ ಆಯಿತು. ಜಮೀನ್ದಾರ ಮನೆತನಗಳು ಹದಿನಾರನೆಯ ಶತಮಾನದಿಂದ ಹೆಸರುಗಳನ್ನು ಸ್ಥಿರಗೊಳಿಸಿಕೊಂಡರೂ ಹಳ್ಳಿಗಾಡಿನ ಸಾಮಾನ್ಯರಲ್ಲಿ ಹದಿನೆಂಟನೆಯ ಶತಮಾನದಲ್ಲಿಯೂ, ಕೆಲವೆಡೆ ಹತ್ತೊಂಬತ್ತನೆಯದರಲ್ಲಿಯೂ, ಮಗನ ಹೆಸರಿನ ಕೊನೆ ತಂದೆಯ ಹೆಸರಿಗೆ ತಕ್ಕಂತೆ ಬದಲಾಗುತ್ತಲೇ ಇತ್ತು. ಹಾಗಿರುವಾಗ 1612ರಿಂದ ಇಂದಿನವರೆಗೆ ಹನ್ನೊಂದು ತಲೆಮಾರೂ ಜೋನ್ಸ್ ಎಂದರೆ ಆ ಮನುಷ್ಯ ಸೂಚಿಯಲ್ಲಿ ಜೋನ್ಸ್ ಎಂದು ಹುಡುಕಿ, ಸಿಕ್ಕವರನ್ನೆಲ್ಲ ಒಬ್ಬರ ಕೆಳಗೊಬ್ಬರಂತೆ ಜೋಡಿಸಿದ್ದಾರೆ, ಅಷ್ಟೇ.

ಮರುದಿನದಿಂದ ನಾನೇ ಪರಿಶೀಲಿಸಲು ಕುಳಿತೆ. ಅತ್ತೆಯವರ ಅಜ್ಜನ ಅಜ್ಜ ಇವಾನ್ 1816ರಲ್ಲಿ ಒಂದು ಲಾನ್‌ವಿಹಾಂಗೆಲ್ ಪ್ಯಾರಿಷ್‌ನಲ್ಲಿ ದೀಕ್ಷಾಸ್ನಾನ ಪಡೆದನೆಂದು ಪುಸ್ತಕದಲ್ಲಿತ್ತು. ಸಂತ ಮೈಕೇಲನ ಚರ್ಚು ಎಂಬ ಅರ್ಥದ ಆ ಹೆಸರಿನ ಪ್ಯಾರಿಷ್‌ಗಳು, ನಮ್ಮಲ್ಲಿ ಒಂದೇ ಜಿಲ್ಲೆಯಲ್ಲಿ ಹಲವು ಹೊಸಹಳ್ಳಿಗಳಿರುವಂತೆ, ಆ ಒಂದೇ ಕೌಂಟಿಯಲ್ಲಿ ಹಲವಿವೆ. 1851ರ ಜನಗಣತಿಯಲ್ಲಿ ಹುಟ್ಟಿದ ಪ್ಯಾರಿಷ್ ಬರೆದಿರುತ್ತಾರೆ. ಅಲ್ಲಿ ಇವಾನನ ಹುಟ್ಟೂರು ಬೇರೆಯದೇ ಲಾನ್‌ವಿಹಾಂಗೆಲ್. ಇನ್ನೂ ಘೋರವಾದದ್ದು ಆಮೇಲೆ ಸಿಕ್ಕಿತು. 1813ರ ನಂತರ ಮುದ್ರಿತ ನಮೂನೆಗಳು ಬಂದದ್ದರಿಂದ ದೀಕ್ಷಾಸ್ನಾನದ ದಾಖಲೆಯಲ್ಲಿ ಮನೆಯ ಹೆಸರೂ, ಸಮಾಧಿಯ ದಾಖಲೆಯಲ್ಲಿ ಮನೆಯ ಹೆಸರಿನ ಜೊತೆಗೆ ವಯಸ್ಸೂ ಇರುತ್ತದೆ. ಸಂಶೋಧಕರು ಆರಿಸಿಕೊಟ್ಟ ಆ ಇವಾನ್ ಅದೇ ವರ್ಷ, ಅದೇ ಮನೆಯ ಹೆಸರಿನಡಿ, ಸಮಾಧಿ ಪುಟದಲ್ಲಿದ್ದಾನೆ: ವಯಸ್ಸು 6 ವಾರ. ಆರು ವಾರಕ್ಕೆ ತೀರಿಕೊಂಡ ಯಾರದೋ ಮಗುವನ್ನು ಅತ್ತೆಯವರಿಗೆ ಪೂರ್ವಜನೆಂದು ಮಾರಿದ್ದರು. ಸಮಾಧಿ ಪುಟವನ್ನು ತೆರೆಯಲು ಎಷ್ಟು ಹೊತ್ತು ಬೇಕಾಗಿತ್ತು? ಆ ಇವಾನ್ ಸುಳ್ಳಾದ ಮೇಲೆ ಅವನ ಹಿಂದಿನವರೆಲ್ಲ ಸುಳ್ಳೇ. 1612ರದಂತೂ ಹೇಳುವುದೇ ಬೇಡ: ರಿಜಿಸ್ಟರ್ ಇಡಬೇಕೆಂಬ ಆಜ್ಞೆ 1538ರದ್ದಾದರೂ ವೇಲ್ಸ್‌ನ ಬಹಳಷ್ಟು ಪ್ಯಾರಿಷ್‌ಗಳಲ್ಲಿ ಅಷ್ಟು ಹಳೆಯ ಪುಟಗಳು ಉಳಿದಿಲ್ಲ, ಅವರು ಹೆಸರಿಸಿದ ಪ್ಯಾರಿಷ್‌ನಲ್ಲಿ ಉಳಿದಿರುವುದು ಹದಿನೆಂಟನೆಯ ಶತಮಾನದಿಂದ ಈಚಿನವು ಮಾತ್ರ.

ಇದನ್ನೆಲ್ಲ ವಿವರವಾಗಿ, ಮರ್ಯಾದೆಯಿಂದ ಬರೆದು ಕಳಿಸಿದೆ. ಮೊದಲ ಉತ್ತರ: “ನಿಮ್ಮ ಅತ್ತೆಯವರ ಕುಟುಂಬ ಅನುಕೂಲಸ್ಥರದ್ದಾದ್ದರಿಂದ ಹೆಸರು ಬೇಗನೆ ಸ್ಥಿರವಾಗಿರಬೇಕು.” ಕುರಿ ಸಾಕಿ ಬದುಕಿದ ಗೇಣಿದಾರರು ಅವರು! ಸತ್ತ ಮಗುವಿನ ವಿಷಯ ಕೇಳಿದ್ದಕ್ಕೆ: “ಆ ಕಾಲದಲ್ಲಿ ಒಂದೇ ಹೆಸರಿನವರು ಬಹಳ ಮಂದಿ ಇರುತ್ತಿದ್ದರು.” ಅದನ್ನೇ ಅಲ್ಲವೇ ನಾನು ಹೇಳುತ್ತಿರುವುದು? ಹಾಗಾದರೆ ನೀವು ನೋಡಿದ ಮೂಲ ಪುಟಗಳ ಪ್ರತಿಗಳನ್ನು ಕಳಿಸಿ ಎಂದರೆ, ಅದಕ್ಕೆ ಬೇರೆ ಶುಲ್ಕವೆಂದೂ 150 ಪೌಂಡ್ ಆಗುತ್ತದೆಂದೂ ಬರೆದರು. ನಾಲ್ಕನೆಯ ಪತ್ರ ನನ್ನನ್ನು ನಿಜವಾಗಿ ಕುದಿಸಿತು: “ನಿಮಗೆ ವೇಲ್ಸ್‌ನ ಪದ್ಧತಿಗಳ ಪರಿಚಯವಿಲ್ಲದ ಕಾರಣ ಗೊಂದಲವಾಗಿರಬಹುದು.” ಪ್ರಶ್ನೆ ಎತ್ತಿದವರು ಆ ಮಣ್ಣಿನಲ್ಲೇ ಹುಟ್ಟಿ ವೆಲ್ಷ್ ಭಾಷೆಯಲ್ಲೇ ಪ್ರಾರ್ಥನೆ ಮಾಡುವ ಎಂಬತ್ತನಾಲ್ಕು ವರ್ಷದ ಹಿರಿಯರೆಂದು ನಾನು ಮೊದಲ ಪತ್ರದಲ್ಲೇ ತಿಳಿಸಿದ್ದೆ. ನನ್ನ ಹೆಸರನ್ನು ನೋಡಿ, ಇವಳಿಗೇನು ತಿಳಿಯುತ್ತದೆಂದು ಮೊದಲ ದಿನದಿಂದಲೇ ಎಣಿಸಿದ್ದರೆಂದು ಅನಿಸುತ್ತದೆ. ಹಣ ಹಿಂದಿರುಗಿಸಿ ಎಂದದ್ದಕ್ಕೆ, ವಂಶವೃಕ್ಷವೆಂಬುದು “ಸಾಧ್ಯತೆಗಳ ಅಂದಾಜು” ಎಂಬ ಉತ್ತರ. ಪುಸ್ತಕದಲ್ಲಿ ಅಂದಾಜು ಎಂಬ ಪದ ಒಂದೇ ಒಂದು ಕಡೆಯೂ ಇಲ್ಲ.

ದಯವಿಟ್ಟು ಎರಡನೆಯ ಕಂತನ್ನು ಕೊಡುವ ಮೊದಲು ಪ್ರತಿಯೊಂದು ಹೆಸರಿಗೂ ಮೂಲ ಪುಟದ ಚಿತ್ರವನ್ನು ಕೇಳಿ ಪಡೆಯಿರಿ. ಸಮಾಧಿ ದಾಖಲೆಗಳನ್ನು ನೋಡಿದ್ದೀರಾ ಎಂದು ಕೇಳಿ. ಕುಟುಂಬ ಚರ್ಚಿನದೋ ಚಾಪೆಲ್ಲಿನದೋ ಎಂದು ವಿಚಾರಿಸದೆ ಕೆಲಸ ಶುರುಮಾಡುವವರನ್ನು ನಂಬಬೇಡಿ. ನನ್ನನ್ನು ಅದನ್ನು ಯಾರೂ ಕೇಳಲಿಲ್ಲ. ಅತ್ತೆಯವರ ಮನೆತನ ತಲೆತಲಾಂತರದಿಂದ ಮೆಥಡಿಸ್ಟ್ ಚಾಪೆಲ್ಲಿಗೆ ಸೇರಿದ್ದು, 1837ರಲ್ಲಿ ಚಾಪೆಲ್‌ಗಳು ಸರ್ಕಾರಕ್ಕೆ ಒಪ್ಪಿಸಿದ ಬಹಳಷ್ಟು ರಿಜಿಸ್ಟರ್‌ಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಲಾಂಛನಕ್ಕೆ ಒಂದು ಪೈಸೆಯನ್ನೂ ಕೊಡಬೇಡಿ, ಏಕೆಂದರೆ ಲಾಂಛನವನ್ನು ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ, ಜೋನ್ಸ್ ಎಂಬ ಹೆಸರಿನವರಿಗೆಲ್ಲ ಅಲ್ಲ. ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ 1858ಕ್ಕಿಂತ ಹಿಂದಿನ ಉಯಿಲುಗಳನ್ನು ಹಣವಿಲ್ಲದೆ ಓದಬಹುದು. ತಂದೆ ಮಕ್ಕಳ ಹೆಸರುಗಳು ಒಂದೇ ಹಾಳೆಯಲ್ಲಿ ಅಲ್ಲಿ ಎಷ್ಟೋ ಸಲ ಸಿಗುತ್ತವೆ. ನನ್ನ 480 ಪೌಂಡ್ ತೆಗೆದುಕೊಂಡವರು ಒಂದೇ ಒಂದು ಉಯಿಲನ್ನೂ ತೆರೆದು ನೋಡಿಲ್ಲ.

ಅತ್ತೆಯವರು ಆ ಪುಸ್ತಕದಿಂದ ತಮಗೆ ಮೊದಲೇ ಗೊತ್ತಿದ್ದ ಹೆಸರುಗಳ ಪುಟವನ್ನು ಮಾತ್ರ ಬಿಡಿಸಿಟ್ಟುಕೊಂಡು ಉಳಿದದ್ದನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಹಣಕ್ಕಾಗಿ ಮತ್ತೆ ಬರೆದ ಪತ್ರಕ್ಕೆ ಇಂದಿಗೆ ಹತ್ತೊಂಬತ್ತು ದಿನಗಳಾದರೂ ಉತ್ತರವಿಲ್ಲ.