ತೋಟದ ಮೋಟಾರಿಗೆ ಯಾವ ಸ್ಟಾರ್ಟರ್? ಆಟೋ, ಮೊಬೈಲ್, ಆ್ಯಪ್, ರೇಡಿಯೊ – ಒಂದು ಬೇಸಿಗೆ ಹಾಕಿ ನೋಡಿದ ಹೋಲಿಕೆ

ಮಲೆನಾಡಿನ ತೋಟಗಳಲ್ಲಿ ಮನೆ ಒಂದು ದಿಕ್ಕಿಗಾದರೆ ಬೋರ್‌ವೆಲ್ ಇನ್ನೊಂದು ದಿಕ್ಕಿಗೆ. ನಡುವೆ ಇಳಿಜಾರು, ಹಳ್ಳ, ಹಳ್ಳಕ್ಕೊಂದು ಸಂಕ. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ ಬರುತ್ತದೆ. ರಾತ್ರಿ ಪಾಳಿ ಬಿದ್ದರೆ ಬ್ಯಾಟರಿ ಹಿಡಿದು ಇಳಿಯಬೇಕು. ಇಳಿದು ಮುಟ್ಟುವಷ್ಟರಲ್ಲಿ ಕರೆಂಟು ಹೋಗಿರುವುದೂ ಉಂಟು. ಮನೆಯಲ್ಲೇ ಕೂತು ಮೋಟಾರು ಹಾಕಲು ಈಗ ನಾಲ್ಕು ಬಗೆಯ ಉಪಕರಣ ಸಿಗುತ್ತವೆ. ತೀರ್ಥಹಳ್ಳಿ ಕಡೆಯ ಒಂದೇ ಬೋರ್‌ವೆಲ್ಲಿಗೆ ನಾಲ್ಕನ್ನೂ ಹಾಕಿ ನೋಡಿದ್ದೇವೆ: 5 ಎಚ್‌ಪಿ ಸಬ್‌ಮರ್ಸಿಬಲ್, ಡಿಒಎಲ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸುವ) ಸ್ಟಾರ್ಟರ್, ಅಡಿಕೆಗೆ ಸ್ಪ್ರಿಂಕ್ಲರ್ ಜೆಟ್. ಡಿಸೆಂಬರ್‌ನಿಂದ ಮೇವರೆಗೆ ಒಂದೊಂದಕ್ಕೂ ಆರು ವಾರದ ಆಸುಪಾಸು.

ಡಬ್ಬಿಯ ಮೇಲೆ ಬರೆದಿರುವ ಸೌಲಭ್ಯಗಳ ಪಟ್ಟಿ ನೋಡಿ ಕೊಂಡರೆ ಮೋಸ ಹೋಗುತ್ತೀರಿ. ಎಲ್ಲವೂ ಮೋಟಾರು ಹಾಕುತ್ತವೆ, ಎಲ್ಲವೂ ತೆಗೆಯುತ್ತವೆ. ಕೇಳಬೇಕಾದದ್ದು ಬೇರೆ: ಹಾಕಿದ ಮೇಲೆ ನೀರು ಬಿತ್ತೋ ಇಲ್ಲವೋ ಎಂದು ತಿರುಗಿ ಹೇಳುತ್ತದೆಯೇ? ಹೇಳುವುದು ಮನೆಯಲ್ಲಿರುವವರಿಗೆ ಅರ್ಥವಾಗುತ್ತದೆಯೇ? ಆ ಉತ್ತರ ಬರದಿದ್ದರೆ ಹೇಗೂ ಇಳಿದು ನೋಡಬೇಕು, ಅಲ್ಲಿಗೆ ಕೊಟ್ಟ ದುಡ್ಡು ದಂಡ.

ಆಟೋ ಸ್ಟಾರ್ಟರ್

ನಾಲ್ಕರಲ್ಲಿ ಅಗ್ಗ ಇದೇ. ಮೂರೂ ಫೇಸ್ ಬಂದದ್ದನ್ನು ನೋಡಿ, ಇಟ್ಟಷ್ಟು ಹೊತ್ತು ಕಾದು, ತಾನೇ ಮೋಟಾರು ಹಾಕುತ್ತದೆ. ಸಿಮ್ ಬೇಡ, ಫೋನ್ ಬೇಡ. ತಿರುಗಿ ಏನನ್ನೂ ಹೇಳುವುದಿಲ್ಲ.

ತೊಂದರೆ ಎಲ್ಲಿ ಎಂದರೆ, ಅಕ್ಕಪಕ್ಕದವರೂ ಇದನ್ನೇ ಹಾಕಿರುತ್ತಾರೆ. ಲೆಕ್ಕ ಹಾಕಿ ನೋಡಿ: 25 ಕೆವಿಎ ಟ್ರಾನ್ಸ್‌ಫಾರ್ಮರ್ ಪೂರ್ತಿ ಲೋಡಿನಲ್ಲಿ ಕೊಡುವುದು ಫೇಸಿಗೆ 33 ಆಂಪಿಯರ್. 5 ಎಚ್‌ಪಿಯ ಮೋಟಾರು ಓಡುವಾಗ ಎಳೆಯುವುದು ಸುಮಾರು 8. ಹಾಗಾಗಿ ನಾಲ್ಕು ಮೋಟಾರು ಒಟ್ಟಿಗೆ ಓಡುವುದಕ್ಕೆ ಅಡ್ಡಿಯಿಲ್ಲ. ಆದರೆ ಡಿಒಎಲ್‌ನಲ್ಲಿ ಸ್ಟಾರ್ಟ್ ಆಗುವ ಕ್ಷಣ ಒಂದೊಂದೂ ಅದರ ಆರು ಪಟ್ಟು, ಅಂದರೆ 48ರವರೆಗೆ ಎಳೆಯುತ್ತದೆ. ನಾಲ್ಕೂ ಒಂದೇ ಸಲ ಎದ್ದರೆ 190 ದಾಟುತ್ತದೆ. ವೋಲ್ಟೇಜು ಕುಸಿಯುತ್ತದೆ, ಮೋಟಾರುಗಳು ವೇಗಕ್ಕೆ ಬರಲಾರದೆ ಗೊರಗುಟ್ಟುತ್ತವೆ, ಫ್ಯೂಸು ಹೋಗುತ್ತದೆ, ಲೈನ್‌ಮ್ಯಾನ್ ಬರುವವರೆಗೆ ಇಡೀ ಕೇರಿಗೆ ನೀರಿಲ್ಲ. ಕರೆಂಟು ಕಂಪನಿ ಮೆಸ್ಕಾಂನವರು ಆಟೋ ಸ್ಟಾರ್ಟರ್ ಕಂಡರೆ ಮುಖ ಸಿಂಡರಿಸುವುದು ಸುಮ್ಮನೆ ಅಲ್ಲ.

ಹಾಕಲೇಬೇಕಿದ್ದರೆ ಒಂದು ಟ್ರಾನ್ಸ್‌ಫಾರ್ಮರಿನವರು ಮಾತಾಡಿಕೊಂಡು ಕಾಯುವ ಹೊತ್ತನ್ನು ಬೇರೆ ಬೇರೆ ಇಟ್ಟುಕೊಳ್ಳಿ: ಒಬ್ಬರಿಗೆ 30 ಸೆಕೆಂಡು, ಮತ್ತೊಬ್ಬರಿಗೆ ಒಂದೂವರೆ ನಿಮಿಷ, ಮತ್ತೊಬ್ಬರಿಗೆ ಎರಡೂವರೆ. ಇನ್ನೊಂದು ಮಾತು. ರಾತ್ರಿ ಪೈಪು ಕಿತ್ತಿದ್ದರೂ ಬೆಳಗಿನವರೆಗೆ ಓಡುತ್ತಲೇ ಇರುತ್ತದೆ, ಕಪ್ಪುಗಳಲ್ಲಿ (ತೋಟದ ಬಸಿಗಾಲುವೆಗಳಲ್ಲಿ) ನೀರು ನಿಲ್ಲುತ್ತದೆ.

ಮೊಬೈಲ್ ಸ್ಟಾರ್ಟರ್

ನಮ್ಮಲ್ಲಿ ಹೆಚ್ಚು ಮಾರಾಟವಾಗುವುದು ಇದು. ಹೆಚ್ಚು ಬೈಸಿಕೊಳ್ಳುವುದೂ ಇದೇ. ಹೆಸರು ಒಂದೇ ಆದರೂ ಒಳಗೆ ಮೂರು ಜಾತಿ.

ಮೊದಲನೆಯದು ಬರೀ ಮಿಸ್ಡ್ ಕಾಲಿನದು. ಒಮ್ಮೆ ಕೊಟ್ಟರೆ ಆನ್, ಇನ್ನೊಮ್ಮೆ ಕೊಟ್ಟರೆ ಆಫ್. ಕೇಳಲು ಸುಲಭ, ಬಳಸಲು ಅಪಾಯ. ಮಗ ಶಿವಮೊಗ್ಗದಿಂದ ಒಂದು ಕೊಟ್ಟು, ಗೊತ್ತಿಲ್ಲದೆ ತಾಯಿ ಮನೆಯಿಂದ ಇನ್ನೊಂದು ಕೊಟ್ಟರೆ ಮೋಟಾರು ನಿಂತಿರುತ್ತದೆ, ಇಬ್ಬರೂ ಓಡುತ್ತಿದೆ ಎಂದುಕೊಂಡಿರುತ್ತಾರೆ. ಈ ಜಾತಿಯನ್ನು ಕೊಳ್ಳಬೇಡಿ.

ಎರಡನೆಯದು ಎಸ್ಸೆಮ್ಮೆಸ್ಸಿನದು. ಕನ್ನಡ ಅಕ್ಷರದ ಒಂದು ಸಂದೇಶಕ್ಕೆ 70 ಅಕ್ಷರವೇ ಮಿತಿ, ಇಂಗ್ಲಿಷಿನಲ್ಲಾದರೆ 160. ಅದಕ್ಕೇ ಹೆಚ್ಚಿನ ಕಂಪನಿಗಳು ಇಂಗ್ಲಿಷಿನ ಸಂಕೇತಾಕ್ಷರ ಕಳಿಸಿ ಕೈತೊಳೆದುಕೊಳ್ಳುತ್ತವೆ. ಅದನ್ನಾದರೂ ಸಹಿಸಬಹುದು. ನಿಜವಾದ ಕುತ್ತು ತಡವಾಗಿ ಬರುವ ಸಂದೇಶ. ಎಸ್ಸೆಮ್ಮೆಸ್ಸು ಕರೆಯ ಹಾಗಲ್ಲ. ತಲುಪಬೇಕಾದ ಕಡೆ ರೇಂಜ್ ಇಲ್ಲದಿದ್ದರೆ ಕಂಪನಿಯ ಸರ್ವರಿನಲ್ಲಿ ಕಾದಿದ್ದು ಆಮೇಲೆ ತಲುಪುತ್ತದೆ. ಕರೆಂಟು ಹೋಗಿ ಟವರ್ ಮಲಗಿದ್ದಾಗ ಕಳಿಸಿದ ‘ಆನ್’, ಟವರ್ ಎದ್ದ ಮೇಲೆ ನಡುರಾತ್ರಿ ಬಂದು ಮೋಟಾರು ಹಾಕುತ್ತದೆ. ಸಂದೇಶದ ಜೊತೆಗೆ ಬರುವ ಸಮಯವನ್ನು ನೋಡಿ, ಹಳೆಯದಾಗಿದ್ದರೆ ಬಿಟ್ಟುಬಿಡುವ ಉಪಕರಣವೂ ಇರುತ್ತದೆ. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಆ್ಯಂಟೆನಾ ಬಿಚ್ಚಿಸಿ, ಸಂದೇಶ ಕಳಿಸಿ, ಅರ್ಧ ಗಂಟೆ ಬಿಟ್ಟು ಆ್ಯಂಟೆನಾ ಹಾಕಿಸಿ. ರಿಲೇ (ಮೋಟಾರು ಹಾಕುವ ಒಳಗಿನ ಸ್ವಿಚ್ಚು) ಟಿಕ್ ಎಂದರೆ ಅಲ್ಲೇ ಬಿಟ್ಟು ಬನ್ನಿ.

ಮೂರನೆಯದು ಕರೆ ಎತ್ತಿ ಮಾತಾಡುವುದು. ಫೋನ್ ಮಾಡಿದರೆ ‘ಕರೆಂಟು ಇದೆ, ಮೋಟಾರು ನಿಂತಿದೆ, ಹಾಕಲು ಒಂದು ಒತ್ತಿ, ನಿಲ್ಲಿಸಲು ಎರಡು ಒತ್ತಿ’ ಎಂದು ಕನ್ನಡದಲ್ಲೇ ಹೇಳುತ್ತದೆ. ಕೀಪ್ಯಾಡ್ ಫೋನಿನವರಿಗೂ ಆಗುತ್ತದೆ, ಓದಲು ಕನ್ನಡಕ ಹುಡುಕಬೇಕಿಲ್ಲ. ರೇಂಜ್ ಕಡಿಮೆ ಇದ್ದಾಗ ಒತ್ತಿದ ಅಂಕಿ ತಲುಪದೆ ಹೋಗುವುದು, ಇಲ್ಲವೇ ಎರಡು ಸಲ ಬಿದ್ದಂತೆ ತಲುಪುವುದು ಸಾಮಾನ್ಯ. ಒಂದು ಒತ್ತಿದರೆ ಆನ್ ಮಾತ್ರ, ಎರಡು ಒತ್ತಿದರೆ ಆಫ್ ಮಾತ್ರ ಎಂದಿದ್ದರೆ ಎಷ್ಟು ಸಲ ಬಿದ್ದರೂ ಕೆಡುಕಿಲ್ಲ. ಮೋಟಾರು ಹಾಕಿ ಅರ್ಧ ನಿಮಿಷದ ಮೇಲೆ ತಾನೇ ತಿರುಗಿ ಫೋನ್ ಮಾಡಿ ‘ನೀರು ಬರ್ತಾ ಇದೆ’ ಎನ್ನುವ ಮಾದರಿ ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ತಗೊಳ್ಳಿ.

ಸಿಮ್ ವಿಚಾರ. ಅಗ್ಗದ ಉಪಕರಣಗಳಲ್ಲಿರುವುದು 2ಜಿ ಮಾಡ್ಯೂಲ್. ಜಿಯೊ ಜಾಲದಲ್ಲಿ 2ಜಿ ಇಲ್ಲ, ಅದರ ಸಿಮ್ ಇದರಲ್ಲಿ ಕೆಲಸ ಮಾಡುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿಯಲ್ಲಿ ಕರೆ ಎತ್ತಬಲ್ಲ ಮಾಡ್ಯೂಲ್ ಇದೆಯೇ ಎಂದು ಕೇಳಿ. ರೀಚಾರ್ಜಿಗೆ ಡೇಟಾ ಪ್ಯಾಕ್ ಬೇಕಿಲ್ಲ. ಬರೀ ಕರೆ ಮತ್ತು ಎಸ್ಸೆಮ್ಮೆಸ್ಸಿನ ಪ್ಯಾಕನ್ನು ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಕ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿದೆ, ಅವಧಿಯನ್ನು 365 ದಿನದವರೆಗೆ ಕೊಡಲು ಅವಕಾಶವಿದೆ. ಅಂಗಡಿಯವರು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಮತ್ತೆ ಮತ್ತೆ ರೀಸೆಟ್ ಆಗುವುದು ಈ ಜಾತಿಯ ದೊಡ್ಡ ಕಾಯಿಲೆ. ಕಾರಣ ಸಿಮ್ ಅಲ್ಲ, ಪವರ್ ಸಪ್ಲೈ. ರೇಂಜ್ ಕಡಿಮೆ ಇದ್ದಷ್ಟೂ 2ಜಿ ಮಾಡ್ಯೂಲ್ ಜೋರಾಗಿ ಕೂಗಬೇಕಾಗುತ್ತದೆ, ಆ ಕ್ಷಣಗಳಲ್ಲಿ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಬಡಕಲು ಅಡಾಪ್ಟರು ಅದನ್ನು ತಡೆಯದು, ವೋಲ್ಟೇಜು ಬಿದ್ದು ಉಪಕರಣ ಸತ್ತು ಹುಟ್ಟುತ್ತದೆ. ಪೇಟೆಯಲ್ಲಿ ಸರಿಯಿದ್ದದ್ದು ತೋಟಕ್ಕೆ ಬಂದ ಕೂಡಲೇ ಕೆಡುವುದು ಇದರಿಂದ. ಆ್ಯಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಬಿಡಬೇಡಿ. ಮೂರು ಮೀಟರ್ ಕೇಬಲ್ ಹಾಕಿ ಶೆಡ್ಡಿನ ಮಾಡಿನ ಮೇಲೆ ತನ್ನಿ. ಉಪಕರಣ ಸಿಗ್ನಲನ್ನು 0ಯಿಂದ 31ರ ಅಂಕಿಯಲ್ಲಿ ತೋರಿಸುತ್ತದಾದರೆ 15ರ ಮೇಲಿರಬೇಕು, 10ಕ್ಕಿಂತ ಕೆಳಗಿದ್ದರೆ ನೆಚ್ಚಬೇಡಿ.

ಆ್ಯಪ್

ಇದು ಇಂಟರ್‌ನೆಟ್ಟಿನ ಮೂಲಕ ಕಂಪನಿಯ ಸರ್ವರಿಗೆ ಜೋಡಿಸಿಕೊಂಡಿರುತ್ತದೆ. ಯಾವ ದಿನ ಎಷ್ಟು ಹೊತ್ತು ಓಡಿತು, ವೋಲ್ಟೇಜು ಎಷ್ಟಿತ್ತು, ಯಾರು ಹಾಕಿದರು ಎಲ್ಲ ದಾಖಲಾಗುತ್ತದೆ. ತೋಟವನ್ನು ನಾಲ್ಕೈದು ಪಾಲು ಮಾಡಿ ವಾಲ್ವು ಬದಲಿಸುತ್ತ ನೀರು ಬಿಡುವವರಿಗೆ, ಬೆಂಗಳೂರಿನಲ್ಲಿದ್ದು ತೋಟ ನೋಡಿಕೊಳ್ಳುವವರಿಗೆ ಇದರ ಮುಂದೆ ಬೇರೆ ಇಲ್ಲ.

ಆದರೆ ವಿನ್ಯಾಸ ಮಾಡಿದವರು ತೋಟಕ್ಕೆ ಬಂದಿಲ್ಲ ಎನ್ನುವುದು ಹೆಜ್ಜೆ ಹೆಜ್ಜೆಗೆ ತಿಳಿಯುತ್ತದೆ. ನಾವು ಬಳಸಿದ ಆ್ಯಪ್ಪಿನಲ್ಲಿ ಭಾಷೆ ಕನ್ನಡಕ್ಕೆ ಬದಲಿಸಿದರೆ ಡ್ರೈ ರನ್ (ನೀರಿಲ್ಲದೆ ಮೋಟಾರು ಓಡುವುದು) ಎಂಬುದು ‘ಶುಷ್ಕ ಓಟ’ ಆಗುತ್ತಿತ್ತು. ‘ನೀರಿಲ್ಲ, ಮೋಟಾರು ನಿಲ್ಲಿಸಿದೆ’ ಎಂದಿದ್ದರೆ ಸಾಕಿತ್ತಲ್ಲ! ಇದಾದರೂ ನಗೆಯ ಮಾತು. ನಗಲಾಗದ್ದು, ಸಂಪರ್ಕ ಕಡಿದಾಗಲೂ ಹಳೆಯ ಸ್ಥಿತಿಯನ್ನೇ ಹಸಿರಿನಲ್ಲಿ ತೋರಿಸುವುದು. ಮೋಟಾರು ನಿಂತು ಎರಡು ಗಂಟೆಯಾದರೂ ಪರದೆಯಲ್ಲಿ ‘ಆನ್’. ಕೊಳ್ಳುವ ಮುಂಚೆ ಉಪಕರಣದ ಕರೆಂಟು ತೆಗೆಸಿ, ಬ್ಯಾಟರಿಯನ್ನೂ ಬಿಚ್ಚಿಸಿ ಆ್ಯಪ್ ನೋಡಿ. ‘ಕೊನೆಗೆ ತಿಳಿದದ್ದು ಇಷ್ಟು ಗಂಟೆಗೆ’ ಎಂಬ ಸಾಲಾದರೂ ಕಾಣಬೇಕು.

ಒಟಿಪಿ ಇನ್ನೊಂದು ಪೀಡೆ. ನೋಂದಣಿ ಮಗನ ನಂಬರಿನಲ್ಲಿ, ಫೋನ್ ಬದಲಿಸಿದ್ದು ಅಪ್ಪ; ಮಗ ಮೀಟಿಂಗ್ ಮುಗಿಸಿ ಒಟಿಪಿ ಹೇಳುವಷ್ಟರಲ್ಲಿ ಪಾಳಿ ಮುಗಿದಿರುತ್ತದೆ. ಮೊದಲ ವರ್ಷದ ನಂತರ ವಾರ್ಷಿಕ ಶುಲ್ಕವಿದೆಯೇ, ಸರ್ವರ್ ನಿಂತರೂ ಕರೆ ಮಾಡಿ ಮೋಟಾರು ಹಾಕಬಹುದೇ ಎಂಬ ಎರಡನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ರೇಡಿಯೊ ರಿಮೋಟ್

ಹೊಸನಗರ, ಸಾಗರದ ಒಳ ಊರುಗಳಲ್ಲಿ ಯಾವ ಸಿಮ್ ಹಾಕಿದರೂ ರೇಂಜ್ ಬರದ ತೋಟಗಳಿವೆ. ಅಲ್ಲಿಗೆ ಇದೊಂದೇ ದಾರಿ. ಮನೆಯಲ್ಲೊಂದು ಪೆಟ್ಟಿಗೆ, ಪಂಪ್ ಶೆಡ್ಡಿನಲ್ಲೊಂದು. ಸಿಮ್ಮಿಲ್ಲ, ರೀಚಾರ್ಜಿಲ್ಲ. ದೂರಕ್ಕೆ ಸಂಕೇತ ಕಳಿಸುವ ಲೋರಾ ಎಂಬ ರೇಡಿಯೊ ತಂತ್ರ ಬಳಸುವುದನ್ನು ಕೊಳ್ಳಿ. ಅದಕ್ಕೆ ಭಾರತದಲ್ಲಿ ಲೈಸೆನ್ಸ್ ಬೇಡದ 865ರಿಂದ 868 ಮೆಗಾಹರ್ಟ್ಸ್ ಪಟ್ಟಿ ಇದೆ. ಆ್ಯಂಟೆನಾದ ಉದ್ದವೂ ಅದಕ್ಕೆ ಹೊಂದಬೇಕು: ಕಾಲು ತರಂಗದ ಕಡ್ಡಿಯಾದರೆ ಸುಮಾರು 8.6 ಸೆಂಟಿಮೀಟರ್. 433 ಮೆಗಾಹರ್ಟ್ಸ್ ರಿಮೋಟಿನ ಕಡ್ಡಿ ಇದರ ಎರಡರಷ್ಟು ಉದ್ದ ಇರುತ್ತದೆ, ಅಂಗಡಿಯಲ್ಲಿ ಅದಲುಬದಲಾದರೆ ಹತ್ತು ಮರ ದಾಟುವುದಿಲ್ಲ.

ಡಬ್ಬಿಯ ಮೇಲೆ ಬರೆದ ಕಿಲೋಮೀಟರುಗಳು ಬಯಲು ಸೀಮೆಯವು. ಒದ್ದೆ ಸೋಗೆ ಸಂಕೇತವನ್ನು ಹೀರುತ್ತದೆ, ನಡುವೆ ಗುಡ್ಡ ಬಂದರೆ ಮುಗಿಯಿತು. ಮನೆ ಕಡೆಯ ಆ್ಯಂಟೆನಾವನ್ನು ಮಾಡಿನ ಕೋಳಿನ ಮೇಲೆ ಎತ್ತಿದಾಗ ನಮ್ಮಲ್ಲಿ ಬಿಟ್ಟು ಬಿಟ್ಟು ಸಿಗುತ್ತಿದ್ದದ್ದು ನಿಂತು ಸಿಕ್ಕಿತು. ಮನೆ ಪೆಟ್ಟಿಗೆಯಲ್ಲಿ ಮೂರು ದೀಪ ಇರುವುದನ್ನು ಆರಿಸಿ: ಕರೆಂಟು ಇದೆ, ಮೋಟಾರು ಓಡುತ್ತಿದೆ, ನೀರು ಬರುತ್ತಿದೆ. ಓದು ಬರದವರಿಗೂ ತಿಳಿಯುವ ಉತ್ತರ ಇದು. ಗುಂಡಿ ಒತ್ತುವುದಷ್ಟೇ ಇದ್ದು ದೀಪವಿಲ್ಲದ ಏಕಮುಖದ ರಿಮೋಟು ಬೇಡ.

ಯಾವುದನ್ನು ಹಾಕಿದರೂ

ಡ್ರೈ ರನ್ ಸೆಟ್ಟಿಂಗಿನಲ್ಲಿ ಎಲ್ಲರೂ ಎಡವುತ್ತಾರೆ. ನೀರಿಲ್ಲದಾಗ ಮೋಟಾರಿನ ಆಂಪಿಯರ್ ಇಳಿಯುತ್ತದೆ, ಅದನ್ನು ನೋಡಿ ಉಪಕರಣ ನಿಲ್ಲಿಸುತ್ತದೆ. ಆದರೆ ಜೆಟ್ಟುಗಳ ವಾಲ್ವು ಅರ್ಧ ಮುಚ್ಚಿದರೂ ಆಂಪಿಯರ್ ಇಳಿಯುತ್ತದೆ! ನಮ್ಮ ಬೋರಿನಲ್ಲಿ ಎಲ್ಲ ಜೆಟ್ ತೆರೆದಾಗ 8, ಅರ್ಧ ಮುಚ್ಚಿದಾಗ 6.8, ನೀರು ಬಿಟ್ಟಾಗ 4.6. ಎಲ್ಲ ತೆರೆದಿಟ್ಟು 7ಕ್ಕೆ ಸೆಟ್ ಮಾಡಿ ಹೋದ ಮೆಕ್ಯಾನಿಕ್ಕಿನ ದೆಸೆಯಿಂದ ನೀರಿದ್ದರೂ ‘ನೀರಿಲ್ಲ’ ಎಂದು ನಿಲ್ಲುತ್ತಿತ್ತು. ಅತಿ ಕಡಿಮೆ ಜೆಟ್ ಓಡುವಾಗಿನ ಅಂಕಿಗೂ ನೀರಿಲ್ಲದ ಅಂಕಿಗೂ ನಡುವೆ, ಅಂದರೆ ಇಲ್ಲಿ 5.7ಕ್ಕೆ, ಇಟ್ಟ ಮೇಲೆ ಸರಿಹೋಯಿತು. ನೀರಿನ ಹರಿವನ್ನೇ ನೋಡುವ ರೆಕ್ಕೆಯ ಫ್ಲೋ ಸ್ವಿಚ್ ಇನ್ನೂ ನಿಖರ ಎನ್ನುತ್ತಾರೆ. ಕಬ್ಬಿಣದಂಶದ ಕೆಂಪು ನೀರಿನಲ್ಲಿ ಅದರ ರೆಕ್ಕೆ ಕಟ್ಟಿಕೊಂಡು ನಿಂತುಬಿಡುತ್ತದೆ.

ವೈರಿಂಗಿನಲ್ಲಿ ಆನ್ ರಿಲೇ ಹಸಿರು ಗುಂಡಿಗೆ ಸಮಾನಾಂತರ, ಆಫ್ ರಿಲೇ ಕೆಂಪು ಗುಂಡಿಗೆ ಸರಣಿಯಲ್ಲಿ, ಅದೂ ಮಾಮೂಲಿಗೆ ಮುಚ್ಚಿರುವ ಕಾಂಟ್ಯಾಕ್ಟಿನಲ್ಲಿ. ಹೀಗಿದ್ದರೆ ಉಪಕರಣ ಪೂರ್ತಿ ಸತ್ತರೂ ಹಳೆಯ ಗುಂಡಿಗಳಿಂದ ಮೋಟಾರು ಹಾಕಬಹುದು. ಹಳೆಯ ಗುಂಡಿ ಕಿತ್ತು ಹಾಕುವ ಮಾದರಿಯನ್ನು ಎಷ್ಟೇ ಚಂದವಿರಲಿ ಮುಟ್ಟಬೇಡಿ. ಪಂಪಿನ ಹತ್ತಿರ ಯಾರಾದರೂ ಕೆಲಸಕ್ಕೆ ಇಳಿದರೆ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಕೆಳಗಿಳಿಸಿ ಪೆಟ್ಟಿಗೆಗೆ ಬೀಗ ಹಾಕಿ, ಕೀಲಿ ಅವರ ಜೇಬಿನಲ್ಲೇ ಇರಲಿ. ದೂರದಲ್ಲಿರುವವರಿಗೆ ಇಲ್ಲಿ ಮನುಷ್ಯರಿದ್ದಾರೆಂದು ಗೊತ್ತಿರುವುದಿಲ್ಲ.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ನಾಲ್ಕೂ ಒಂದೇ. ಫೇಸ್‌ಗಳಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿದರೂ ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಗೋಡೆಗೆ ಹೊಡೆದ ಮೊಳೆಗೆ ಸಮ. ಜಂಬಿಟ್ಟಿಗೆ ನೆಲ ಒಣಗಿ ಅರ್ಥಿಂಗ್ ಕೆಡುವುದೂ ಸಿಡಿಲು ಬರುವುದೂ ಒಂದೇ ಕಾಲಕ್ಕೆ. ಆ ಎರಡು ತಿಂಗಳು ಅರ್ಥಿಂಗ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.

ನಮ್ಮ ಬೋರಿನ ಮೇಲೆ ಈಗ ಉಳಿದಿರುವುದು ಕರೆ ಎತ್ತಿ ಮಾತಾಡುವ ಮೊಬೈಲ್ ಸ್ಟಾರ್ಟರ್. ರೇಂಜ್ ಇಲ್ಲದ ಕಡೆಗೆ ಮೂರು ದೀಪದ ರೇಡಿಯೊ. ಆ್ಯಪ್ ಬೇಕೆನಿಸಿದವರು ಕರೆಯೂ ಎತ್ತುವ ಆ್ಯಪ್ ಉಪಕರಣ ನೋಡಿ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಇದೆಲ್ಲ ಐದಾರು ತಿಂಗಳು ಸುಮ್ಮನೆ ಕೂರುತ್ತದೆ, ಕೆಡುವುದು ಹೆಚ್ಚಾಗಿ ಆಗಲೇ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ವೈರು ಬಿಡಿಸಿಡಿ. ಸಿಮ್ ತೆಗೆದು ಮನೆಯ ಹಳೆಯ ಫೋನಿಗೆ ಹಾಕಿ ತಿಂಗಳಿಗೊಂದು ಕರೆ ಮಾಡಿ, 90 ದಿನ ಬಳಕೆಯೇ ಇಲ್ಲದಿದ್ದರೆ ಬಂದ್ ಆಗಬಹುದು. ಕೇಬಲ್ ಒಳಹೋಗುವ ತೂತುಗಳನ್ನು ಎಂ-ಸೀಲ್‌ನಿಂದ ಮುಚ್ಚಿ. ಬೆಚ್ಚಗಿನ ಜಾಗ ಹುಡುಕಿ ಬರುವ ಇರುವೆ, ಹಲ್ಲಿಗಳು ರಿಲೇಯ ಮೇಲೇ ಸಂಸಾರ ಹೂಡುತ್ತವೆ. ಒಳಗೆ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ. ಸಿಮ್ ನಂಬರು, ರೀಚಾರ್ಜ್ ಮುಗಿಯುವ ದಿನ, ಡ್ರೈ ರನ್ ಅಂಕಿ ಮೂರನ್ನೂ ಪೆಟ್ಟಿಗೆಯ ಬಾಗಿಲ ಒಳಬದಿಗೆ ಒಂದು ಚೀಟಿ ಅಂಟಿಸಿ ಪೆನ್ಸಿಲ್ಲಿನಲ್ಲಿ ಬರೆಯಿರಿ. ಸ್ಕೆಚ್ ಪೆನ್ನಿನದು ಆಷಾಢದ ಥಂಡಿಗೆ ಹರಡಿ ಓದಲು ಬರುವುದಿಲ್ಲ.