ಸಿಗ್ನಲ್ ಹುಲ್ಲನ್ನು ಕುರಿಮರಿಗೆ ಹಾಕುವ ಮುಂಚೆ ದಯವಿಟ್ಟು ಓದಿ

ಕುರಿ ಸಾಕುವವರು ಯಾರಾದರೂ ಮೇವಿಗೆ ಅಂತ ನೆಡಲು ಸಿಗ್ನಲ್ ಹುಲ್ಲಿನ ಬೇರು ತರಿಸಲು ಹೊರಟಿದ್ದರೆ ಒಂದು ನಿಮಿಷ ನಿಲ್ಲಿ. ನನ್ನ 18 ಮರಿಗಳಲ್ಲಿ 7 ಸತ್ತಿವೆ. ಉಳಿದವುಗಳಲ್ಲಿ ಐದಕ್ಕೆ ಕಿವಿ ಇಲ್ಲ. ಒಣಗಿ ಉದುರಿಹೋದವು.

ನಮ್ಮದು ಶಿರಾ ಕಡೆ. ಮಳೆ ಹಿಡಿಯುವ ಹೊತ್ತಿಗೆ ಹತ್ತು ಗುಂಟೆಗೆ ಅಂತ 4,000 ಬೇರಿನ ತುಂಡು ತಂದೆ. ಒಂದಕ್ಕೆ 2 ರೂಪಾಯಿ, ಗಾಡಿ ಬಾಡಿಗೆ ಬೇರೆ. ಮೇವಿನ ಬೇರಿನ ವ್ಯಾಪಾರ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತೇ ಇದೆ. ವಿಡಿಯೋ ನೋಡ್ತೀವಿ, ಫೋನ್ ಮಾಡ್ತೀವಿ, ಅರ್ಧ ದುಡ್ಡು ಮೊದಲೇ ಹಾಕ್ತೀವಿ. ನಾನು ಫೋನಲ್ಲೇ ಮುಗಿಸಲಿಲ್ಲ, ಬೇರು ಮಾರುವವರ ತೋಟಕ್ಕೇ ಹೋಗಿ ನೋಡಿದೆ. ಮಂಡಿಯೆತ್ತರ ಹುಲ್ಲು, ಕಣ್ಣು ತುಂಬುವ ಹಸಿರು. "ಕುರಿ, ಮೇಕೆ, ಹಸು ಯಾವುದಕ್ಕಾದರೂ ಹಾಕಿ ಸಾರ್, ಹೊಟ್ಟೆ ತುಂಬ ಬಿಡಿ. ಬ್ರೆಜಿಲ್‌ನಲ್ಲಿ ಎಲ್ಲ ಇದನ್ನೇ ಮೇಯಿಸ್ತಾರೆ" ಅಂದರು. ಕೊಟ್ಟಿಗೆಯಲ್ಲಿ ಆರು ಹಸು ಇದ್ದವು, ಮೈ ತುಂಬಿಕೊಂಡು ಚೆನ್ನಾಗಿದ್ದವು. ನಾನು ನಂಬಿದೆ.

ಹುಲ್ಲು ಬಂತು, ಸುಳ್ಳು ಹೇಳಲ್ಲ, ಸೊಗಸಾಗಿ ಬಂತು. ತಂತಿ ಬೇಲಿ ಹಾಕಿ ನಾಲ್ಕೈದು ತಿಂಗಳ ಮರಿಗಳನ್ನು ಒಳಗೆ ಬಿಟ್ಟೆ. ಬೇರೆ ಮೇವೇ ಹಾಕಲಿಲ್ಲ, ಇದೇ ಸಾಕಲ್ವಾ ಅಂತ. ಆ ತಪ್ಪು ನನ್ನದು.

ಮೂರು ವಾರ ಆಗಿತ್ತು. ಒಂದು ದಿನ ಹನ್ನೊಂದು ಗಂಟೆ ಬಿಸಿಲಲ್ಲಿ ನೋಡಿದರೆ ಮರಿಗಳು ಮೇಯುತ್ತಿಲ್ಲ. ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ನಿಂತಿವೆ. ಎರಡು ಮರಿ ಟ್ರ್ಯಾಕ್ಟರ್ ಟ್ರೇಲರ್ ಅಡಿಗೆ ಹೋಗಿ ಮಲಗಿದ್ದವು. ತಲೆ ಒದರುತ್ತಿದ್ದವು, ಮೂತಿಯನ್ನು ಕಲ್ಲುಗೂಟಕ್ಕೆ ಉಜ್ಜುತ್ತಿದ್ದವು. ಮಾರನೇ ದಿನ ಮುಖ ಊದಿತು, ರೆಪ್ಪೆ ದಪ್ಪಗಾಗಿ ಕಣ್ಣೇ ಮುಚ್ಚಿಹೋಯಿತು. ಕಿವಿ ನೀರು ತುಂಬಿದ ಚೀಲದ ಹಾಗೆ ಜೋತುಬಿತ್ತು. ನಾಲ್ಕೈದು ದಿನಕ್ಕೆ ಅದೇ ಕಿವಿ ಒಣ ಚಕ್ಕೆಯಾಯಿತು. ಔಷಧ ಹಚ್ಚಲು ಹಿಡಿದಾಗ ಒಂದು ಮರಿಯ ಕಿವಿ ತುದಿ ನನ್ನ ಬೆರಳಲ್ಲೇ ಉಳಿಯಿತು. ಆ ಮರಿ ಅರಚಲೂ ಇಲ್ಲ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಮಾರಿದವರಿಗೆ ಫೋಟೋ ಕಳಿಸಿದೆ. "ಅದು ನೀಲಿ ನಾಲಿಗೆ ರೋಗ ಸಾರ್, ಮಳೆಗಾಲ ಅಲ್ವಾ, ಲಸಿಕೆ ಹಾಕಿಸಿಲ್ವಾ?" ಅಂದರು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಜ್ವರ ಇಲ್ಲ, ಬಾಯಲ್ಲಿ ಹುಣ್ಣಿಲ್ಲ, ಒಂದೂ ಕುಂಟುತ್ತಿಲ್ಲ. ಪಶುವೈದ್ಯರು ಬಂದು ಕೆಳರೆಪ್ಪೆ ಎಳೆದು ತೋರಿಸಿದರು. ಅರಿಶಿನ ಬಳಿದ ಹಾಗಿತ್ತು. ಕಾಮಾಲೆ. ಮೂತ್ರ ಕಡು ಚಹಾದ ಬಣ್ಣ.

ಮಾರಿದವರಿಗೆ ಮತ್ತೆ ಫೋನ್ ಮಾಡಿದೆ. ಆಗ ಅವರು ಹೇಳಿದ ಮಾತಿಗೆ ನಾನು ಬಿದ್ದೆ. "ನಿಮ್ಮ ಕಪ್ಪು ಮರಿಗಳಿಗೆ ಏನಾಗಿದೆ ಹೇಳಿ. ಅವೂ ಅದೇ ಹುಲ್ಲು ತಿಂದಿಲ್ವಾ?" ಹೌದು, ನಾಲ್ಕು ಡೆಕ್ಕಣಿ ತಳಿಯ ಮರಿ ಇದ್ದವು, ಕಪ್ಪಗೆ, ಮುಖ ಕಿವಿ ಎಲ್ಲ ನೆಟ್ಟಗಿತ್ತು. ಹಾಗಾದರೆ ಹುಲ್ಲಿನ ತಪ್ಪಲ್ಲ ಅಂದುಕೊಂಡು ಇನ್ನೂ ಎರಡು ದಿನ ಅದೇ ಹುಲ್ಲಿಗೆ ಬಿಟ್ಟೆ. ವೈದ್ಯರನ್ನು ಕೇಳದೆ ಬಿಟ್ಟೆ. ಎರಡು ದಿನ! ಸತ್ತ ಏಳರಲ್ಲಿ ಒಂದು ಕಪ್ಪು ಮರಿ.

ಕೊಯ್ದು ನೋಡಿದಾಗ ಲಿವರ್ ಊದಿ ಹಳದಿಯಾಗಿತ್ತು, ಪಿತ್ತಕೋಶ ಬಿಗಿದುಕೊಂಡಿತ್ತು. ವೈದ್ಯರು ಬಿಡಿಸಿ ಹೇಳಿದರು. ಈ ಹುಲ್ಲಿನಲ್ಲಿ, ಅಂದರೆ ಬ್ರಾಕಿಯೇರಿಯಾ ಡಿಕಂಬೆನ್ಸ್‌ನಲ್ಲಿ, ಸಪೋನಿನ್ ಅನ್ನೋ ಅಂಶ ಇರುತ್ತೆ. ಅದು ಹೊಟ್ಟೆಯಲ್ಲಿ ಬದಲಾಗಿ ಪಿತ್ತನಾಳದಲ್ಲಿ ಹರಳುಗಟ್ಟುತ್ತೆ, ಲಿವರ್ ಕೆಡುತ್ತೆ. ಹುಲ್ಲಿನ ಹಸಿರು ಜೀರ್ಣವಾದಾಗ ಬರುವ ಒಂದು ವಸ್ತು ಪಿತ್ತದ ಜೊತೆ ಹೊರಹೋಗಬೇಕು. ದಾರಿ ಕಟ್ಟಿದರೆ ರಕ್ತಕ್ಕೆ ಸೇರಿ ಚರ್ಮಕ್ಕೆ ಬರುತ್ತೆ. ಬಿಸಿಲು ಬಿದ್ದ ಕಡೆ ಚರ್ಮ ಸುಡುತ್ತೆ. ಬಿಳಿ ಚರ್ಮ, ಕೂದಲು ಕಮ್ಮಿ ಇರುವ ಕಿವಿ, ಮೂತಿ, ರೆಪ್ಪೆ ಮೊದಲು. ಕಪ್ಪು ಚರ್ಮ ಅಷ್ಟಾಗಿ ಸುಡಲ್ಲ, ಆದರೆ ಲಿವರ್ ಕಪ್ಪು ಮರಿಯದೂ ಕೆಡುತ್ತೆ. ದನಕ್ಕಿಂತ ಕುರಿಗೆ ಅಪಾಯ ಜಾಸ್ತಿ, ಅದರಲ್ಲೂ ಎಳೆ ಮರಿಗೆ, ಹೊಸದಾಗಿ ತಿನ್ನುವುದಕ್ಕೆ. ಬ್ರೆಜಿಲ್‌ನಲ್ಲೂ ಕುರಿಗಳಿಗೆ ಇದೇ ಆಗುತ್ತೆ ಅಂತ ಮೊದಲಿಂದ ಗೊತ್ತಿರುವ ವಿಷಯವಂತೆ. ನನಗೆ ಬ್ರೆಜಿಲ್ ಹೆಸರು ಹೇಳಿಯೇ ಮಾರಿದರು.

ಲಂಟಾನ ತಿಂದರೆ ಹೀಗಾಗುತ್ತೆ ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೇಲಿಯ ಗಿಡಕ್ಕೆ ಹೆದರುತ್ತೇವೆ. ದುಡ್ಡು ಕೊಟ್ಟು ನೆಟ್ಟ ಮೇವಿಗೆ ಯಾರು ಹೆದರುತ್ತಾರೆ?

ಕೊನೆಗೆ ಮಾರಿದವರಿಗೆ ಒಂದೇ ಪ್ರಶ್ನೆ ಕೇಳಿದೆ. "ನೀವು ಇದನ್ನು ಕುರಿಗೆ ಹಾಕಿದ್ದೀರಾ?" ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಮ್ಮಲ್ಲಿ ಕುರಿ ಇಲ್ಲ ಸಾರ್." ಅವರ ತೋಟದಲ್ಲಿ ಎರಡು ಗಂಟೆ ಓಡಾಡಿದ್ದೆ. ಒಂದು ಕುರಿಯೂ ಕಂಡಿರಲಿಲ್ಲ. ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ದುಡ್ಡು ವಾಪಸ್ ಕೇಳಿದ್ದಕ್ಕೆ "ಹುಲ್ಲು ಚೆನ್ನಾಗಿ ಬಂದಿದೆ ತಾನೇ?" ಅಂದರು. ಈಗ ಫೋನ್ ಎತ್ತಲ್ಲ.

ನಿಮ್ಮ ಮರಿಗಳು ಬಿಸಿಲಿಗೆ ಮುಖ ಮರೆಸಿಕೊಂಡರೆ ಕಾಯಬೇಡಿ. ಅವತ್ತೇ ಆ ಹುಲ್ಲು ಬಿಡಿಸಿ, ಕತ್ತಲೆ ಕೊಟ್ಟಿಗೆಗೆ ಹಾಕಿ, ಬೇರೆ ಮೇವು, ನೀರು ಕೊಡಿ, ಗಾಯಕ್ಕೆ ನೊಣ ಕೂರದ ಹಾಗೆ ನೋಡಿಕೊಳ್ಳಿ, ವೈದ್ಯರನ್ನು ಕರೆಸಿ. ಇದಕ್ಕೆ ಅಂತಲೇ ಮದ್ದಿಲ್ಲ. ಹುಲ್ಲು ಮಾರುವವರ ಮಾತು ಕೇಳಿ ಒಂದು ದಿನವೂ ಕಳೆಯಬೇಡಿ, ನಾನು ಎರಡು ಕಳೆದೆ. ಬೇರು ತರುವ ಮುಂಚೆ ಅವರ ತೋಟದಲ್ಲಿ ಅದೇ ಹುಲ್ಲು ತಿಂದು ಬೆಳೆದ ಕುರಿಮರಿ ತೋರಿಸಿ ಅನ್ನಿ.

ನಿನ್ನೆ ಅವರ ಹೊಸ ವಿಡಿಯೋ ಬಂದಿದೆ. ಅದೇ ತೋಟ, ಅದೇ ಹಸುಗಳು. ಮೇಲೆ ದೊಡ್ಡದಾಗಿ, "ಕುರಿ ಸಾಕಣೆಗೆ ಬೆಸ್ಟ್ ಹುಲ್ಲು."