ಸದ್ದು ಮಾಡದ ಲ್ಯಾಪ್‌ಟಾಪ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಲ್ಯಾಪ್‌ಟಾಪ್ ಡಬ್ಬದ ಮೇಲೆ ಎಲ್ಲಾ ಬರೆದಿರುತ್ತದೆ. ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು, ಪರದೆ ಎಷ್ಟು ಇಂಚು. ಫ್ಯಾನ್ ಎಷ್ಟು ಸದ್ದು ಮಾಡುತ್ತದೆ ಅನ್ನುವುದು ಮಾತ್ರ ಇರುವುದಿಲ್ಲ. ಅದನ್ನು ಅಂಗಡಿಯವರು ಬಾಯಿಮಾತಲ್ಲಿ ಹೇಳುತ್ತಾರೆ. ಬಿಲ್ ಆದ ಮೇಲೆ ಆ ಮಾತಿಗೆ ಯಾರೂ ಜವಾಬ್ದಾರರಲ್ಲ. ನನಗೆ ಆದದ್ದು ಇದೇ. ಇನ್ನೊಬ್ಬರಿಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು, ಲ್ಯಾಪ್‌ಟಾಪ್ ಕಂಪನಿಯ ಹೆಸರು ಹಾಕುವುದಿಲ್ಲ, ಯಾಕಂದ್ರೆ ಇದು ಯಾವ ಅಂಗಡಿಯಲ್ಲಿ ಬೇಕಾದರೂ ಆಗಬಹುದು.

ನಾನು ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಪಾಠ ಹೇಳಿಕೊಡುತ್ತೇನೆ. ಸಂಜೆ ಅಕ್ಕಪಕ್ಕದ ಮಕ್ಕಳು ಮನೆಗೇ ಬರುತ್ತಾರೆ. ಬೆಳಗ್ಗೆ ಬೇಗ ಮತ್ತು ರಾತ್ರಿ ದುಬೈ, ಅಮೆರಿಕದಲ್ಲಿರುವ ಕನ್ನಡದವರ ಮನೆ ಮಕ್ಕಳಿಗೆ ವಿಡಿಯೋದಲ್ಲಿ ಪಾಠ. ಇದು ಬಿಟ್ಟರೆ ಲ್ಯಾಪ್‌ಟಾಪಿನಲ್ಲಿ ಮೇಲ್ ನೋಡುವುದು, ಸ್ವರಲಿಪಿ ಟೈಪ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಅಷ್ಟೇ ಕೆಲಸ. ಹಳೆಯದರ ಹಿಂಜ್ ಮುರಿದಾಗ ಅಂಗಡಿಗೆ ಹೋಗಿ ಒಂದೇ ಮಾತು ಕೇಳಿದೆ. ಪಾಠದ ಹೊತ್ತಿಗೆ ಶ್ರುತಿ ಬಿಟ್ಟು ಬೇರೆ ಯಾವ ಸದ್ದೂ ಇರಬಾರದು, ಅಂಥದ್ದು ಕೊಡಿ.

ಸೇಲ್ಸ್ ಹುಡುಗ ತೋರಿಸಿದ್ದು ದೊಡ್ಡ ಪ್ರೊಸೆಸರ್, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದ ಲ್ಯಾಪ್‌ಟಾಪ್. "ಮೇಡಂ, ಇದು ತುಂಬಾ ಪವರ್‌ಫುಲ್. ನಿಮ್ಮ ಕೆಲಸಕ್ಕೆ ಇದಕ್ಕೆ ಲೋಡೇ ಆಗಲ್ಲ. ಲೋಡ್ ಆಗ್ಲಿಲ್ಲ ಅಂದ್ರೆ ಫ್ಯಾನ್ ತಿರುಗೋದೇ ಇಲ್ಲ" ಅಂದ. ಕೇಳಿದರೆ ಸರಿ ಅನ್ನಿಸುವ ಮಾತು. ದಯವಿಟ್ಟು ಈ ಮಾತನ್ನು ನೆನಪಿಟ್ಟುಕೊಳ್ಳಿ. ನಿಮಗೂ ಇದನ್ನೇ ಹೇಳುತ್ತಾರೆ.

ಅಲ್ಲಿ ತೆರೆದು ತೋರಿಸಿದಾಗ ಸದ್ದೇ ಇರಲಿಲ್ಲ. ಇರುವುದಾದರೂ ಹೇಗೆ? ಚಾರ್ಜರ್ ಹಾಕಿರಲಿಲ್ಲ, ಪರದೆಯ ಮೇಲೆ ಬರೀ ವಾಲ್‌ಪೇಪರ್ ಇತ್ತು. ತಲೆ ಮೇಲೆ ಎಸಿ, ಗೋಡೆ ತುಂಬಾ ಟಿವಿ, ಎಲ್ಲದರಲ್ಲೂ ಹಾಡು. ಅಂಥ ಜಾಗದಲ್ಲಿ ಯಾವ ಲ್ಯಾಪ್‌ಟಾಪ್ ಆದರೂ ಮೌನವಾಗಿಯೇ ಇರುತ್ತದೆ.

ಮನೆಗೆ ತಂದು, ಚಾರ್ಜರ್ ಹಾಕಿ, ಮೊದಲ ಪಾಠ ಶುರು ಮಾಡಿದೆ. ಸ್ವಲ್ಪ ಹೊತ್ತಿಗೇ ಬಲಗಡೆಯ ತೂತಿನಿಂದ ಸುಯ್ ಅಂತ ಗಾಳಿ ಶುರುವಾಯಿತು. ಆಮೇಲೆ ಅದು ಏರಿತು. ಸುಮ್ನೆ ಒಂದೇ ಮಟ್ಟದಲ್ಲಿ ಇದ್ದಿದ್ದರೆ ಕಿವಿ ಹೊಂದಿಕೊಳ್ಳುತ್ತಿತ್ತೇನೋ. ಇದು ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಫ್ಯಾನಿನ ವೇಗ ಬದಲಾದ ಹಾಗೆ ಅದರ ಸ್ಥಾಯಿಯೂ ಬದಲಾಗುತ್ತದೆ. ಆ ಕಡೆ ಮಗು ಮಾಯಾಮಾಳವಗೌಳದಲ್ಲಿ ಸರಳೆ ಹಾಡುತ್ತಾ ಷಡ್ಜ ಹಿಡಿದು ನಿಂತಿದೆ, ಈ ಕಡೆ ನಮ್ಮ ಶ್ರುತಿಗೆ ಸಂಬಂಧವೇ ಇಲ್ಲದ ಇನ್ನೊಂದು ಸ್ವರ ಜಾರುತ್ತಿದೆ. ಮಗುವಿನ ತಾಯಿ ಕ್ಯಾಮೆರಾ ಹತ್ತಿರ ಬಂದು, "ಟೀಚರ್, ನಿಮ್ಮ ಕಡೆಯಿಂದ ಏನೋ ಗುಂಯ್ ಅಂತಿದೆ, ತಂಬೂರ ಕೇಳಿಸ್ತಿಲ್ಲ" ಅಂದರು.

ತಂಬೂರ ಕೇಳಿಸದೇ ಇದ್ದದ್ದಕ್ಕೂ ಒಂದು ಕಾರಣ ಇದೆ, ಸಂಗೀತ ಹೇಳಿಕೊಡುವವರು ಇದನ್ನು ಗಮನಿಸಿ. ಝೂಮ್‌ನಂಥ ಆ್ಯಪ್‌ಗಳು ಹಿನ್ನೆಲೆಯ ಸದ್ದನ್ನು ತಾವಾಗಿಯೇ ಅಳಿಸಿಹಾಕುತ್ತವೆ. ಒಂದೇ ಸಮನೆ ಬರುವ ಯಾವ ಸದ್ದಾದರೂ ಅದಕ್ಕೆ ಹಿನ್ನೆಲೆಯೇ. ಹಾಗಾಗಿ ಫ್ಯಾನ್ ಸದ್ದು ಅಳಿಸಲು ಹೋಗಿ ತಂಬೂರವನ್ನೂ ನುಂಗಿಬಿಡುತ್ತದೆ. ಅದಕ್ಕೇ ಝೂಮ್‌ನಲ್ಲಿ ಸಂಗೀತದವರಿಗಾಗಿ 'ಒರಿಜಿನಲ್ ಸೌಂಡ್' ಅನ್ನುವ ಆಯ್ಕೆ ಇದೆ. ಅದನ್ನು ಹಾಕಿದರೆ ಆ ಕಡೆಯವರಿಗೆ ತಂಬೂರ ಚೆನ್ನಾಗಿ ಕೇಳಿಸುತ್ತದೆ, ಆದರೆ ಫ್ಯಾನ್ ಸದ್ದೂ ಪೂರ್ತಿಯಾಗಿ ಕೇಳಿಸುತ್ತದೆ. ಲ್ಯಾಪ್‌ಟಾಪಿನ ಮೈಕ್ ಫ್ಯಾನಿನಿಂದ ಎಷ್ಟು ದೂರ ಇರಲು ಸಾಧ್ಯ ಹೇಳಿ? ಒಂದು ಗೇಣು.

ತಕ್ಷಣ ಅಂಗಡಿಗೆ ಫೋನ್ ಮಾಡಿದೆ. "ಹೊಸದು ಅಲ್ವಾ ಮೇಡಂ, ಒಳಗಡೆ ಅಪ್‌ಡೇಟ್ ಆಗ್ತಿರತ್ತೆ. ಒಂದು ವಾರ ಬಳಸಿ, ತಾನಾಗೇ ಸರಿಹೋಗತ್ತೆ" ಅಂದರು. ಇದರಲ್ಲಿ ಅರ್ಧ ನಿಜ ಇದೆ. ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲ ಕೆಲವು ದಿನ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತದೆ, ಫೈಲ್‌ಗಳನ್ನೆಲ್ಲ ಹುಡುಕಿ ಪಟ್ಟಿ ಮಾಡುತ್ತದೆ, ಆಗ ಫ್ಯಾನ್ ಜಾಸ್ತಿ ತಿರುಗುವುದು ಸಹಜ. ಇನ್ನರ್ಧ ಅವರು ಹೇಳಲಿಲ್ಲ. ಬದಲಿ ಕೊಡುವ ಗಡುವು ಏಳೇ ದಿನ. ವಾರ ಕಳೆಯಿತು, ಸದ್ದು ಹಾಗೇ ಇತ್ತು, ಗಡುವು ಮುಗಿದಿತ್ತು. ಆಗ ಅವರ ಮಾತು ಬದಲಾಯಿತು: "ಇನ್ನು ನಮ್ಮ ಕೈಲಿಲ್ಲ, ಸರ್ವಿಸ್ ಸೆಂಟರ್‌ಗೆ ಹೋಗಿ."

ಸರ್ವಿಸ್ ಸೆಂಟರಿನಲ್ಲಿ ಫ್ಯಾನ್ ಪರೀಕ್ಷೆ ಓಡಿಸಿದರು. ಪಾಸ್ ಆಯಿತು. ಆಗದೇ ಏನು? ಆ ಪರೀಕ್ಷೆ ನೋಡುವುದು ಫ್ಯಾನ್ ತಿರುಗುತ್ತದೋ ಇಲ್ಲವೋ ಅಂತ. ಎಷ್ಟು ಸದ್ದು ಮಾಡುತ್ತದೆ ಅಂತಲ್ಲ. ಜಾಬ್ ಶೀಟಿನಲ್ಲಿ 'ದೋಷ ಕಂಡುಬಂದಿಲ್ಲ' ಅಂತ ಬರೆದು ಕೊಟ್ಟರು. ಅವರ ಲೆಕ್ಕದಲ್ಲಿ ಸದ್ದು ದೋಷವೇ ಅಲ್ಲ. ಅಂಗಡಿಯವರು ಮತ್ತೆ ಫೋನಿನಲ್ಲಿ ಲ್ಯಾಪ್‌ಟಾಪ್ ಕೆಳಗೆ ಇಡುವ ಕೂಲಿಂಗ್ ಪ್ಯಾಡ್ ತಗೊಳ್ಳಿ ಅಂದರು. ಅದರೊಳಗೂ ಫ್ಯಾನೇ ಇರುವುದು. ಸದ್ದಿನ ತೊಂದರೆಗೆ ಇನ್ನೊಂದು ಫ್ಯಾನ್ ಮಾರುವವರನ್ನು ನಂಬಬೇಡಿ.

ಆಮೇಲೆ ನಾನು ಓದಿ, ತಿಳಿದವರನ್ನು ಕೇಳಿ ಗೊತ್ತುಮಾಡಿಕೊಂಡದ್ದು ಇದು. ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಒಂದೋ ಎರಡೋ ಇಂಗ್ಲಿಷ್ ಅಕ್ಷರ ಇರುತ್ತದೆ. ಎಲ್ಲರೂ ಐ5, ಐ7 ಅನ್ನುವುದನ್ನೇ ನೋಡುತ್ತಾರೆ. ಸದ್ದಿನ ವಿಷಯದಲ್ಲಿ ಕೊನೆಯ ಅಕ್ಷರವೇ ಮುಖ್ಯ. ಇಂಟೆಲ್‌ನ 12 ಮತ್ತು 13ನೇ ತಲೆಮಾರಿನಲ್ಲಿ ಯು ಅಂದರೆ ಮೂಲ ವಿದ್ಯುತ್ ಮಟ್ಟ ಸಾಮಾನ್ಯವಾಗಿ 15 ವ್ಯಾಟ್, ಪಿ ಅಂದರೆ 28, ಎಚ್ ಅಂದರೆ 45, ಎಚ್‌ಎಕ್ಸ್ ಅಂದರೆ 55. ಎಎಮ್‌ಡಿಯಲ್ಲೂ ಯು ಅಂದರೆ ಕಡಿಮೆ, ಎಚ್‌ಎಸ್, ಎಚ್‌ಎಕ್ಸ್ ಅಂದರೆ ಜಾಸ್ತಿ. ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಗೆ ಬರಬೇಕು. ಬಿಸಿ ಹೊರಹಾಕುವುದು ಫ್ಯಾನಿನ ಕೆಲಸ.

ಆ ಹುಡುಗ ಹೇಳಿದ ಮಾತು ಎಲ್ಲಿ ತಪ್ಪು ಅಂತ ಇಲ್ಲಿ ಗೊತ್ತಾಗುತ್ತದೆ. ಈ ಪ್ರೊಸೆಸರ್‌ಗಳು ಸಣ್ಣ ಕೆಲಸಕ್ಕೂ ಕ್ಷಣಕಾಲ ತಮ್ಮ ಮೂಲ ಮಟ್ಟಕ್ಕಿಂತ ತುಂಬಾ ಮೇಲೆ ಹಾರುತ್ತವೆ. ಎಚ್ ಸರಣಿಯ ಕೆಲವಕ್ಕೆ 95 ವ್ಯಾಟ್‌ವರೆಗೂ ಹೋಗಲು ಅನುಮತಿ ಇರುತ್ತದೆ. ಒಂದು ವೆಬ್ ಪುಟ ತೆರೆದರೂ ಸಾಕು, ಪಟ್ ಅಂತ ಬಿಸಿ ಏರುತ್ತದೆ, ಫ್ಯಾನ್ ಏಳುತ್ತದೆ. ಚಾರ್ಜರ್ ಹಾಕಿದಾಗ ಈ ಹಾರಾಟ ಇನ್ನೂ ಧಾರಾಳ. ಹಾಗಾಗಿ ದೊಡ್ಡ ಪ್ರೊಸೆಸರ್ ತಗೊಂಡರೆ ಸದ್ದು ಕಡಿಮೆ ಅನ್ನುವುದು ಸುಳ್ಳು. ವಿಡಿಯೋ ಎಡಿಟಿಂಗ್, ಗೇಮ್ ಇಲ್ಲದ ಮನೆಗೆ ಎಚ್ ಬೇಕಿಲ್ಲ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡೂ ಬೇಕಿಲ್ಲ.

ಇನ್ನೊಂದು ಮೋಸ ಹೋಗುವ ಜಾಗ ಇದೆ. ಒಂದೇ ಮಾಡೆಲ್ ಹೆಸರಿನಲ್ಲಿ ಯು ಇರುವುದೂ ಬರುತ್ತದೆ, ಎಚ್ ಇರುವುದೂ ಬರುತ್ತದೆ. ನೋಡಲು ಎರಡೂ ಒಂದೇ. ಇಂಟೆಲ್ ಈಗ ಹೊಸ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳ ಹೆಸರಿನಿಂದ 'ಐ' ಕೈಬಿಟ್ಟು ಕೋರ್ ಅಲ್ಟ್ರಾ ಅಂತೆಲ್ಲ ಕರೆಯುತ್ತದೆ. ಅಲ್ಲೂ ಕೋರ್ ಅಲ್ಟ್ರಾ 5 125ಯು, 125ಎಚ್ ಅಂತ ಎರಡು ಇವೆ, ಅವು ಬೇರೆ ಬೇರೆ. ಬಿಲ್ ಬರೆಯುವಾಗ ಆ ಅಕ್ಷರವನ್ನೂ ಸೇರಿಸಿ ಬರೆಯಲು ಹೇಳಿ.

ಯು ಇದ್ದರೆ ಸದ್ದೇ ಇಲ್ಲ ಅಂತಲೂ ಅಲ್ಲ. ತೀರಾ ತೆಳುವಾದ ಲ್ಯಾಪ್‌ಟಾಪಿನಲ್ಲಿ ಫ್ಯಾನೂ ಪುಟ್ಟದು. ಪುಟ್ಟ ಫ್ಯಾನ್ ಅಷ್ಟೇ ಗಾಳಿ ತಳ್ಳಬೇಕಾದರೆ ಜೋರಾಗಿ ತಿರುಗಬೇಕು, ಆಗ ಕೀರಲು ಸದ್ದು ಬರುತ್ತದೆ. ನನ್ನ ಕಿವಿಗೆ ದಪ್ಪ ಗಾಳಿ ಸದ್ದಿಗಿಂತ ಈ ಕೀರಲೇ ಹೆಚ್ಚು ಹಿಂಸೆ.

ಫ್ಯಾನೇ ಇಲ್ಲದವೂ ಇವೆ. 2020ರ ಎಮ್1 ಚಿಪ್‌ನಿಂದ ಈಚೆಗಿನ ಮ್ಯಾಕ್‌ಬುಕ್ ಏರ್‌ಗಳಲ್ಲಿ ಫ್ಯಾನ್ ಇಲ್ಲ. ಆದರೆ ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶ ವಿಂಡೋಸಿನದು. ಹಳೆಯ ನುಡಿ ಫೈಲ್‌ಗಳ ರಾಶಿ ಇರುವವರು ಅವನ್ನೆಲ್ಲ ಯುನಿಕೋಡ್‌ಗೆ ಬದಲಿಸಿಕೊಂಡು ಆಮೇಲೆ ಆ ಕಡೆ ಹೋಗಿ. ಕಡಿಮೆ ಬೆಲೆಯಲ್ಲಿ ಇಂಟೆಲ್ ಎನ್100 ಇರುವ ಲ್ಯಾಪ್‌ಟಾಪ್‌ಗಳಿವೆ, ಅದು 6 ವ್ಯಾಟ್‌ನ ಚಿಪ್. ಅವುಗಳಲ್ಲಿ ಕೆಲವಕ್ಕೆ ಫ್ಯಾನ್ ಇಲ್ಲ, ಕೆಲವಕ್ಕೆ ಇದೆ, ಕೇಳಿ ನೋಡಿ. ಟೈಪಿಂಗ್, ಮೇಲ್, ಬ್ರೌಸಿಂಗ್‌ಗೆ ಸಾಕು. ಒಟ್ಟಿಗೆ ಹತ್ತಾರು ಟ್ಯಾಬ್ ತೆರೆದಿಡುವವರಿಗೆ ನಿಧಾನ ಅನ್ನಿಸುತ್ತದೆ.

ಅಂಗಡಿಗೆ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಿ, ಆಗ ಜನ ಇರುವುದಿಲ್ಲ. ಟಿವಿ ಸದ್ದು ನಿಲ್ಲಿಸಲು ಹೇಳಿ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬೀದಿ ಗಲಾಟೆಯೇ ಒಳಗೆ ಬರುತ್ತದೆ, ಹಿಂದಿನ ಕೋಣೆಯಲ್ಲಿ ಕೂತು ನೋಡಬೇಕು. ಚಾರ್ಜರ್ ಹಾಕಿಸಿ. ನಿಮ್ಮ ಫೋನಿಗೇ ಒಂದು ವಿಡಿಯೋ ಕರೆ ಮಾಡಿ, ಪಕ್ಕದಲ್ಲಿ ಒಂದು ಯೂಟ್ಯೂಬ್ ವಿಡಿಯೋ ಓಡಿಸಿ, ಹತ್ತು ನಿಮಿಷ ಬಿಡಿ. ಆಮೇಲೆ ಕೀಬೋರ್ಡಿಗೆ ಕಿವಿ ಕೊಟ್ಟು ಕೇಳಿ. ಫ್ಯಾನ್ ನಿಂತಿದ್ದರೂ ಪುಟ ಸರಿಸುವಾಗ ಸಣ್ಣಗೆ ಕಿರ್ ಅನ್ನುವುದಿದೆ, ಅದು ಒಳಗಿನ ವಿದ್ಯುತ್ ಸುರುಳಿಗಳ ಸದ್ದು, ಕಾಯಿಲ್ ವೈನ್ ಅನ್ನುತ್ತಾರೆ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಹತ್ತು ನಿಮಿಷ ಕೊಡಲು ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ನೋಟ್‌ಬುಕ್‌ಚೆಕ್ ಅನ್ನುವ ಜಾಲತಾಣ ಒಂದೊಂದು ಮಾಡೆಲ್‌ನ ಸದ್ದನ್ನೂ ಅಳೆದು ಡೆಸಿಬೆಲ್ ಲೆಕ್ಕದಲ್ಲಿ ಹಾಕುತ್ತದೆ, ಹೋಗುವ ಮುಂಚೆ ನೋಡಿ. 30ಕ್ಕೂ 40ಕ್ಕೂ ಸ್ವಲ್ಪವೇ ವ್ಯತ್ಯಾಸ ಅಂದುಕೊಳ್ಳಬೇಡಿ. 10 ಡೆಸಿಬೆಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು ಕೇಳಿಸುತ್ತದೆ. ಅವರ ಕೋಣೆಯ ಸೆಖೆಯೇ ಬೇರೆ, ನಮ್ಮದೇ ಬೇರೆ ಅನ್ನುವುದೂ ನೆನಪಿರಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು, ಕಲಬುರಗಿಯಲ್ಲಿ ಅದೇ ಲ್ಯಾಪ್‌ಟಾಪ್ ಇನ್ನೂ ಜೋರಾಗಿ ಕೂಗುತ್ತದೆ.

ಈಗಾಗಲೇ ತಗೊಂಡು ಒದ್ದಾಡುತ್ತಿರುವವರಿಗೆ: ವಿಂಡೋಸ್ ಸೆಟ್ಟಿಂಗ್ಸ್‌ನ ಪವರ್ ಮೋಡ್‌ನಲ್ಲಿ ವಿದ್ಯುತ್ ಉಳಿಸುವ ಆಯ್ಕೆ ಹಾಕಿ. ಕಂಪನಿಯ ಆ್ಯಪ್‌ನಲ್ಲಿ ಕ್ವಯಟ್ ಅಥವಾ ಸೈಲೆಂಟ್ ಮೋಡ್ ಇದೆಯೇ ನೋಡಿ. ಹಳೆಯ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದರೆ ಇಂಟೆಲ್ ಪ್ರೊಸೆಸರ್ ಆ ಹಾರಾಟ ನಿಲ್ಲಿಸುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಸಾಲು ಕಾಣಿಸುವುದಿಲ್ಲ. ನನ್ನದರಲ್ಲಿ ಇತ್ತು, ಸದ್ದು ಎಷ್ಟೋ ಇಳಿಯಿತು, ಪೂರ್ತಿ ಹೋಗಲಿಲ್ಲ. ಪಾಠಕ್ಕೆ ಈಗ ವೈರ್ ಇರುವ ಕಾಲರ್ ಮೈಕ್ ಹಾಕಿಕೊಂಡು ಲ್ಯಾಪ್‌ಟಾಪನ್ನು ಮೇಜಿನ ಆ ತುದಿಗೆ ಇಡುತ್ತೇನೆ. ಮಕ್ಕಳಿಗೆ ತಂಬೂರ ಕೇಳಿಸುತ್ತಿದೆ. ನನ್ನ ಕಿವಿಗೆ ಇನ್ನೂ ಫ್ಯಾನ್ ಕೇಳಿಸುತ್ತದೆ.

ಕಾನೂನಿನ ವಿಷಯ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಗಡುವಿನೊಳಗೆ, ಗಡುವು ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಆದರೆ ಸದ್ದು ದೋಷ ಅಲ್ಲ ಅಂತ ಅವರು ವಾದಿಸುತ್ತಾರೆ. ಅದಕ್ಕೇ ಬಿಲ್ಲಿನ ಮೇಲೆ ಒಂದು ಸಾಲು ಬರೆಸಿಕೊಳ್ಳಿ: 'ಸದ್ದು ಕಡಿಮೆ ಎಂದು ಹೇಳಿ ಮಾರಲಾಗಿದೆ, ಒಪ್ಪಿಗೆಯಾಗದಿದ್ದರೆ ಇಷ್ಟು ದಿನದೊಳಗೆ ವಾಪಸ್.' ಸಹಿ, ಸೀಲ್ ಇರಲಿ. ಬರೆಯಲು ಒಪ್ಪದಿದ್ದರೆ ಅದೇ ಮಾತನ್ನು ವಾಟ್ಸಾಪ್‌ನಲ್ಲಿ ಕಳಿಸಲು ಹೇಳಿ. ಮೊದಲ ದಿನವೇ ಸದ್ದನ್ನು ಫೋನಿನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. 'ಒಂದು ವಾರ ನೋಡಿ' ಅಂದರೆ ಒಪ್ಪಬೇಡಿ, ಆ ದಿನವೇ ಲಿಖಿತ ದೂರು ಕೊಡಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ನಾನು ದೂರು ದಾಖಲಿಸಿದ್ದೇನೆ. ಜಾಬ್ ಶೀಟು, ಪಾಠದ ರೆಕಾರ್ಡಿಂಗ್ ಎರಡನ್ನೂ ಎತ್ತಿಟ್ಟಿದ್ದೇನೆ. ಅಂಗಡಿಯವರಿಂದ ಉತ್ತರ ಬಂದಿಲ್ಲ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಸದ್ದಿನ ವಿಷಯಕ್ಕೇ ಲ್ಯಾಪ್‌ಟಾಪ್ ವಾಪಸ್ ಮಾಡಿಸಿದವರು ಯಾರಾದರೂ ಇದ್ದರೆ, ಯಾವ ಕಾಗದ ಕೊಟ್ಟಿರಿ, ಏನಂತ ಬರೆದಿರಿ ಅಂತ ದಯವಿಟ್ಟು ತಿಳಿಸಿ.